ಸಾರ್ವಜನಿಕ ಆಡಳಿತ ಪದವಿಯಲ್ಲಿ ಕಲಿಕೆಯ ಮೌಲ್ಯಮಾಪನ: ಗಡಿನಾಡಿನ ದೃಷ್ಟಿಯಿಂದ ಒಂದು ವಿವೇಚನೆ

ಸರ್ಕಾರಿ ಕಚೇರಿಯೊಂದರ ಗುಣವನ್ನು ಅಲ್ಲಿನ ನಿಯಮಾವಳಿಗಿಂತಲೂ ಹೆಚ್ಚು ಸ್ಪಷ್ಟವಾಗಿ ತಿಳಿಸುವುದು ಮೇಜಿನ ಆಚೆ ಕುಳಿತಿರುವ ವ್ಯಕ್ತಿಯ ತಿಳಿವಳಿಕೆ. ಗಡಿಯಾಚೆಯ ಕನ್ನಡಿಗರಿಗೆ ಈ ಮಾತನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಭಾಷಾ ಅಲ್ಪಸಂಖ್ಯಾತರಿಗೆ ಸಂವಿಧಾನವೂ ಸರ್ಕಾರಿ ಆದೇಶಗಳೂ ನೀಡಿರುವ ರಕ್ಷಣೆಗಳು ಕಡತದಲ್ಲಿ ಭದ್ರವಾಗಿವೆ. ಅವು ಕಾರ್ಯರೂಪಕ್ಕೆ ಬರುವುದೂ ಬಾರದೆ ಉಳಿಯುವುದೂ ಗ್ರಾಮ ಕಚೇರಿ, ತಾಲೂಕು ಕಚೇರಿ, ಪಂಚಾಯಿತಿಗಳಲ್ಲಿ ದಿನನಿತ್ಯ ನಡೆಯುವ ಸಣ್ಣ ಸಣ್ಣ ನಿರ್ಧಾರಗಳಿಂದ. ಆದುದರಿಂದ ಆಡಳಿತವನ್ನು ವಿದ್ಯೆಯಾಗಿ ಕಲಿಸುವ ಪದವಿಗಳಲ್ಲಿ ವಿದ್ಯಾರ್ಥಿಗಳು ನಿಜವಾಗಿ ಏನನ್ನು ಕಲಿಯುತ್ತಾರೆ, ಅದನ್ನು ತಿಳಿಯುವ ಬಗೆ ಯಾವುದು ಎಂಬ ಪ್ರಶ್ನೆಗಳು ಶಿಕ್ಷಣ ತಜ್ಞರಿಗೆ ಮಾತ್ರ ಸಂಬಂಧಿಸಿದವಲ್ಲ.

ಭಾರತದಲ್ಲಿ ಸರ್ಕಾರಿ ಹುದ್ದೆಗೆ ಸೇರಲು ಸಾರ್ವಜನಿಕ ಆಡಳಿತದ ಪದವಿ ಕಡ್ಡಾಯವಲ್ಲ, ನಿಜ. ಆದರೂ ಈ ಪದವಿಯನ್ನು ಪಡೆದವರು ಆಡಳಿತ ಸೇವೆಗೆ, ಸ್ಥಳೀಯ ಸಂಸ್ಥೆಗಳಿಗೆ, ತರಬೇತಿ ಸಂಸ್ಥೆಗಳಿಗೆ, ಸ್ವಯಂಸೇವಾ ಸಂಘಟನೆಗಳಿಗೆ ಹೋಗುತ್ತಾರೆ. ಈಗಾಗಲೇ ಸೇವೆಯಲ್ಲಿರುವ ಅನೇಕರು ದೂರಶಿಕ್ಷಣದ ಮೂಲಕ ಇದನ್ನು ಅಭ್ಯಸಿಸುತ್ತಾರೆ. ಅವರ ಕಲಿಕೆಯನ್ನು ಅಳೆಯುವ ಕ್ರಮವನ್ನು ವಿವರಿಸುವುದೂ, ಆ ಕ್ರಮದಲ್ಲಿ ಅಲ್ಪಸಂಖ್ಯಾತ ಭಾಷೆಯ ನಾಗರಿಕನಿಗೂ ಅದೇ ಭಾಷೆಯ ವಿದ್ಯಾರ್ಥಿಗೂ ಇರುವ ಸ್ಥಾನವನ್ನು ಪರಿಶೀಲಿಸುವುದೂ ಈ ಲೇಖನದ ಉದ್ದೇಶ.

ಅಂಕವೂ ಕಲಿಕೆಯೂ

ಪರೀಕ್ಷೆ ನಡೆಸಿ ಅಂಕ ಕೊಡುತ್ತಿರುವಾಗ ಮತ್ತೆ ಪ್ರತ್ಯೇಕ ಮೌಲ್ಯಮಾಪನವೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಅಂಕವು ಒಬ್ಬ ವಿದ್ಯಾರ್ಥಿಯ ಕುರಿತು ನೀಡುವ ತೀರ್ಪು. ಕಲಿಕೆಯ ಮೌಲ್ಯಮಾಪನವು ಇಡೀ ಪದವಿ ಕಾರ್ಯಕ್ರಮದ ಕುರಿತು ನಡೆಸುವ ವಿಚಾರಣೆ. ಮೊದಲನೆಯದು ಈ ವಿದ್ಯಾರ್ಥಿ ಉತ್ತೀರ್ಣನಾದನೇ ಎಂದು ಕೇಳಿದರೆ, ಎರಡನೆಯದು ನಾವು ಕಲಿಸುತ್ತೇವೆಂದು ಹೇಳಿಕೊಂಡದ್ದನ್ನು ನಮ್ಮ ವಿದ್ಯಾರ್ಥಿಗಳು ಕಲಿತಿದ್ದಾರೆಯೇ ಎಂದು ಕೇಳುತ್ತದೆ.

ವಿದ್ಯಾರ್ಥಿಯೊಬ್ಬ ಒಂದು ಪತ್ರಿಕೆಯಲ್ಲಿ ನೂರಕ್ಕೆ 62 ಅಂಕ ಪಡೆದನೆಂದು ಭಾವಿಸೋಣ. ಆ 62ರೊಳಗೆ ಹಾಜರಾತಿಯ ಅಂಕವಿದೆ, ಆಂತರಿಕ ಕಿರುಪರೀಕ್ಷೆಯ ಅಂಕವಿದೆ, ಮ್ಯಾಕ್ಸ್ ವೆಬರ್‌ನ ಅಧಿಕಾರಶಾಹಿ ಸಿದ್ಧಾಂತವನ್ನು ವಿವರಿಸಿದ್ದಕ್ಕೆ ದೊರೆತ ಅಂಕವೂ ಇದೆ. ಆಯವ್ಯಯ ಪಟ್ಟಿಯೊಂದನ್ನು ಓದಿ ಅರ್ಥೈಸಲು ಆತನಿಗೆ ಬರುತ್ತದೆಯೇ, ಎರಡು ನಿಯಮಗಳು ಪರಸ್ಪರ ವಿರೋಧಿಸಿದಾಗ ಆತ ಯಾವ ಆಧಾರದ ಮೇಲೆ ನಿರ್ಧರಿಸುತ್ತಾನೆ, ಓದುಬರಹ ಹೆಚ್ಚು ತಿಳಿಯದ ನಾಗರಿಕನಿಗೆ ಆದೇಶವೊಂದನ್ನು ತಿಳಿಯಾಗಿ ಹೇಳಬಲ್ಲನೇ ಎಂಬುದನ್ನು ಆ ಅಂಕಿ ಹೇಳಲಾರದು. ಹಲವು ಬಗೆಯ ಧಾನ್ಯಗಳನ್ನು ಒಂದೇ ಚೀಲಕ್ಕೆ ಸುರಿದು ತೂಗಿದಂತೆ ಇದು. ಒಟ್ಟು ತೂಕ ಸರಿಯಾಗಿದ್ದರೂ ಯಾವ ಧಾನ್ಯ ಎಷ್ಟಿದೆಯೆಂದು ತಿಳಿಯದು. ಕಲಿಕೆಯ ಮೌಲ್ಯಮಾಪನವೆಂದರೆ ಈ ಧಾನ್ಯಗಳನ್ನು ಬೇರ್ಪಡಿಸಿ ನೋಡುವ ಕೆಲಸ.

ವಿಷಯದ ಬೆಳವಣಿಗೆ

ಆಡಳಿತವನ್ನು ಸ್ವತಂತ್ರ ಅಧ್ಯಯನ ವಿಷಯವಾಗಿ ಕಾಣಬೇಕೆಂಬ ವಾದವನ್ನು ಅಮೆರಿಕದಲ್ಲಿ ವುಡ್ರೋ ವಿಲ್ಸನ್ 1887ರ ತಮ್ಮ ಪ್ರಬಂಧದಲ್ಲಿ ಮಂಡಿಸಿದರು. 1911ರಲ್ಲಿ ನ್ಯೂಯಾರ್ಕಿನ ಪೌರಾಡಳಿತ ಸಂಶೋಧನಾ ಸಂಸ್ಥೆಯ ಆಶ್ರಯದಲ್ಲಿ ಸಾರ್ವಜನಿಕ ಸೇವೆಯ ತರಬೇತಿ ಶಾಲೆಯೊಂದು ಪ್ರಾರಂಭವಾಯಿತು. 1924ರಲ್ಲಿ ಅದು ಸಿರಾಕ್ಯೂಸ್ ವಿಶ್ವವಿದ್ಯಾಲಯದ ಮ್ಯಾಕ್ಸ್‌ವೆಲ್ ಶಾಲೆಯೊಂದಿಗೆ ಸೇರಿ ವಿಶ್ವವಿದ್ಯಾಲಯದ ಪದವಿಯ ರೂಪ ತಾಳಿತು. ಮೊದಲ ತರಬೇತಿ ಶಾಲೆಯು ನಗರಾಡಳಿತದ ನಿಜವಾದ ಸಮಸ್ಯೆಗಳನ್ನು ಆಧರಿಸಿ ಹುಟ್ಟಿದ್ದರಿಂದ ಅಲ್ಲಿ ಕಲಿಕೆಗೂ ಕೆಲಸಕ್ಕೂ ನಡುವೆ ಹೆಚ್ಚಿನ ಅಂತರವಿರಲಿಲ್ಲ. ವಿಷಯವು ವಿಶ್ವವಿದ್ಯಾಲಯದೊಳಕ್ಕೆ ಬಂದಂತೆ ಸಿದ್ಧಾಂತದ ಪಾಲು ಹೆಚ್ಚಿತು, ಅದರೊಡನೆ ಬರಹದ ಪರೀಕ್ಷೆಯ ಪ್ರಾಧಾನ್ಯವೂ ಹೆಚ್ಚಿತು.

ಭಾರತದಲ್ಲಿ ಮದರಾಸು ವಿಶ್ವವಿದ್ಯಾಲಯವು 1937ರಲ್ಲಿ ಸಾರ್ವಜನಿಕ ಆಡಳಿತದ ಡಿಪ್ಲೊಮಾವನ್ನು ಪ್ರಾರಂಭಿಸಿತು. ಸ್ವಾತಂತ್ರ್ಯಾನಂತರ ನಾಗಪುರ ವಿಶ್ವವಿದ್ಯಾಲಯದಲ್ಲಿ ಸ್ಥಳೀಯ ಸ್ವಯಮಾಡಳಿತವನ್ನೂ ಒಳಗೊಂಡ ಪ್ರತ್ಯೇಕ ವಿಭಾಗವೇ ತೆರೆಯಿತು. ಪಾಲ್ ಆಪಲ್‌ಬಿ 1953ರಲ್ಲಿ ಸಲ್ಲಿಸಿದ ವರದಿಯ ಫಲವಾಗಿ 1954ರಲ್ಲಿ ದೆಹಲಿಯಲ್ಲಿ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆ ಹುಟ್ಟಿತು. ಇಂದು ಈ ವಿಷಯವನ್ನು ಕಲಿಸುವ ವಿಭಾಗಗಳು ದೇಶದ ಎಲ್ಲೆಡೆ ಇವೆ. ಗಡಿನಾಡಿನ ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೂ ಸಾರ್ವಜನಿಕ ಆಡಳಿತ ಮತ್ತು ನೀತಿ ಅಧ್ಯಯನದ ವಿಭಾಗವಿದೆ.

ಐದು ಸಾಮರ್ಥ್ಯಗಳು

ಕಲಿಕೆಯ ಮೌಲ್ಯಮಾಪನವನ್ನು ಈ ವಿಷಯದಲ್ಲಿ ಅತ್ಯಂತ ವ್ಯವಸ್ಥಿತವಾಗಿ ರೂಪಿಸಿದ್ದು ಅಮೆರಿಕದ ನಾಸ್ಪಾ ಎಂಬ ಸಂಸ್ಥೆ. 1970ರಲ್ಲಿ ಸ್ಥಾಪಿತವಾದ ಇದು ಸಾರ್ವಜನಿಕ ನೀತಿ ಮತ್ತು ಆಡಳಿತವನ್ನು ಕಲಿಸುವ ಶಾಲೆಗಳ ಒಕ್ಕೂಟ. ಸ್ನಾತಕೋತ್ತರ ಪದವಿಗಳಿಗೆ ಮಾನ್ಯತೆ ನೀಡುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಹಿಂದೆ ಈ ಮಾನ್ಯತೆಯು ಬಹುಮಟ್ಟಿಗೆ ಕಾರ್ಯಕ್ರಮದೊಳಕ್ಕೆ ಏನು ಹೋಗುತ್ತದೆಂಬುದನ್ನು ನೋಡುತ್ತಿತ್ತು: ಯಾವ ಯಾವ ವಿಷಯಗಳನ್ನು ಬೋಧಿಸಲಾಗುತ್ತದೆ, ಎಷ್ಟು ಮಂದಿ ಅಧ್ಯಾಪಕರಿದ್ದಾರೆ ಎಂಬಿತ್ಯಾದಿ. 2009ರಲ್ಲಿ ಅಂಗೀಕರಿಸಿದ ಮಾನದಂಡಗಳು ದೃಷ್ಟಿಯನ್ನು ಬದಲಿಸಿದವು. ಕಾರ್ಯಕ್ರಮದಿಂದ ಏನು ಹೊರಬರುತ್ತದೆ, ಅಂದರೆ ವಿದ್ಯಾರ್ಥಿಯು ಯಾವ ಸಾಮರ್ಥ್ಯವನ್ನು ಪಡೆದು ಹೊರಹೋಗುತ್ತಾನೆ ಎಂಬುದು ಮುಖ್ಯವಾಯಿತು.

ಆ ಮಾನದಂಡಗಳು ಎಲ್ಲ ಕಾರ್ಯಕ್ರಮಗಳಿಗೂ ಸಾಮಾನ್ಯವಾದ ಐದು ಸಾಮರ್ಥ್ಯಗಳನ್ನು ಗೊತ್ತುಪಡಿಸಿವೆ. ಸಾರ್ವಜನಿಕ ಆಡಳಿತದಲ್ಲಿ ನಾಯಕತ್ವ ವಹಿಸಿ ನಿರ್ವಹಿಸುವುದು ಮೊದಲನೆಯದು. ನೀತಿ ರಚನೆಯ ಪ್ರಕ್ರಿಯೆಯಲ್ಲಿ ಪಾಲ್ಗೊಂಡು ಅದಕ್ಕೆ ಕೊಡುಗೆ ನೀಡುವುದು ಎರಡನೆಯದು. ವಿಶ್ಲೇಷಿಸಿ, ವಿಮರ್ಶಾತ್ಮಕವಾಗಿ ಆಲೋಚಿಸಿ, ಸಮಸ್ಯೆಗಳನ್ನು ಬಿಡಿಸಿ ನಿರ್ಧಾರ ಕೈಗೊಳ್ಳುವುದು ಮೂರನೆಯದು. ಸಾರ್ವಜನಿಕ ಸೇವೆಯ ದೃಷ್ಟಿಯನ್ನು ಸ್ಪಷ್ಟವಾಗಿ ಹೇಳುವುದೂ ಅನ್ವಯಿಸುವುದೂ ನಾಲ್ಕನೆಯದು. ವೈವಿಧ್ಯಮಯವಾದ, ಬದಲಾಗುತ್ತಿರುವ ನೌಕರವರ್ಗದೊಂದಿಗೂ ಜನಸಮುದಾಯದೊಂದಿಗೂ ಫಲಪ್ರದವಾಗಿ ಸಂವಹನ ನಡೆಸುವುದು ಐದನೆಯದು.

ಇವು ಇಷ್ಟು ಸಾಮಾನ್ಯವಾಗಿರುವುದು ಉದ್ದೇಶಪೂರ್ವಕವೇ. ಪ್ರತಿಯೊಂದು ಕಾರ್ಯಕ್ರಮವೂ ತನ್ನ ಧ್ಯೇಯಕ್ಕೆ ಅನುಗುಣವಾಗಿ ಇವುಗಳಿಗೆ ಸ್ಥಳೀಯ ಅರ್ಥವನ್ನು ಕೊಡಬೇಕೆಂಬುದು ನಿಯಮ. ಮಹಾನಗರದ ವಿಶ್ವವಿದ್ಯಾಲಯವೊಂದಕ್ಕೆ ಐದನೆಯ ಸಾಮರ್ಥ್ಯದ ಅರ್ಥ ವಲಸಿಗರೊಂದಿಗಿನ ವ್ಯವಹಾರವಾಗಿರಬಹುದು. ಇನ್ನೊಂದಕ್ಕೆ ಮೂಲನಿವಾಸಿ ಸಮುದಾಯಗಳೊಂದಿಗಿನ ಸಂಬಂಧವಾಗಿರಬಹುದು. ಅರ್ಥವನ್ನು ನಿಗದಿಪಡಿಸಿದ ಮೇಲೆ ಕಾರ್ಯಕ್ರಮವು ನಾಲ್ಕು ಹೆಜ್ಜೆಗಳನ್ನು ಪೂರೈಸಿದ್ದನ್ನು ತನ್ನ ಸ್ವಯಂ ಅಧ್ಯಯನ ವರದಿಯಲ್ಲಿ ತೋರಿಸಬೇಕು. ಸಾಮರ್ಥ್ಯವನ್ನು ವಿದ್ಯಾರ್ಥಿಯ ಕಲಿಕೆಯ ರೂಪದಲ್ಲಿ ವ್ಯಾಖ್ಯಾನಿಸುವುದು, ಕಲಿಕೆಯ ಸಾಕ್ಷ್ಯವನ್ನು ಸಂಗ್ರಹಿಸುವುದು, ಅದನ್ನು ವಿಶ್ಲೇಷಿಸುವುದು, ಅದರಿಂದ ತಿಳಿದದ್ದನ್ನು ಕಾರ್ಯಕ್ರಮದ ಸುಧಾರಣೆಗೆ ಬಳಸುವುದು ಎಂಬಿವೇ ಆ ಹೆಜ್ಜೆಗಳು. ನಾಲ್ಕನೆಯ ಹೆಜ್ಜೆಯಿಂದ ಮತ್ತೆ ಮೊದಲನೆಯದಕ್ಕೆ ಮರಳುವುದರಿಂದ ಇದೊಂದು ಆವರ್ತನ. ಮೂರನೆಯ ಹೆಜ್ಜೆಯಲ್ಲಿ ನಿಂತುಬಿಟ್ಟ ಮೌಲ್ಯಮಾಪನವು ಕೊನೆಗೆ ಕಪಾಟಿನಲ್ಲಿರುವ ವರದಿ ಮಾತ್ರ.

ವ್ಯಾಖ್ಯಾನ ಮತ್ತು ಸಾಕ್ಷ್ಯ

ಮೊದಲ ಹೆಜ್ಜೆಯಾದ ವ್ಯಾಖ್ಯಾನದಲ್ಲಿ ಕ್ರಿಯಾಪದದ ಆಯ್ಕೆ ಮಹತ್ವದ್ದು. ಬೆಂಜಮಿನ್ ಬ್ಲೂಮ್ ಮತ್ತು ಅವರ ಸಹವರ್ತಿಗಳು 1956ರಲ್ಲಿ ಕಲಿಕೆಯ ಉದ್ದೇಶಗಳನ್ನು ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯನಿರ್ಣಯ ಎಂದು ಶ್ರೇಣೀಕರಿಸಿದರು; 2001ರಲ್ಲಿ ಈ ಶ್ರೇಣಿಯು ಪರಿಷ್ಕೃತವಾಯಿತು. ಸಂವಿಧಾನದ 350ನೆಯ ವಿಧಿಯನ್ನು ತಿಳಿದಿರುತ್ತಾನೆ ಎಂಬ ಉದ್ದೇಶವು ಈ ಶ್ರೇಣಿಯ ತಳದಲ್ಲಿದೆ. ಕೊಟ್ಟಿರುವ ಅರ್ಜಿಗೆ 350ನೆಯ ವಿಧಿಯು ಅನ್ವಯಿಸುತ್ತದೆಯೇ ಎಂದು ನಿರ್ಣಯಿಸಿ ಕಾರಣ ಕೊಡುತ್ತಾನೆ ಎಂಬುದು ಮೇಲಿನ ಮೆಟ್ಟಿಲು. ಮೊದಲನೆಯದನ್ನು ಕಂಠಪಾಠದಿಂದ ಪೂರೈಸಬಹುದು, ಎರಡನೆಯದನ್ನು ಪೂರೈಸಲಾಗದು.

ವೈದ್ಯಕೀಯ ಶಿಕ್ಷಣದ ಕ್ಷೇತ್ರದಲ್ಲಿ ಜಾರ್ಜ್ ಮಿಲ್ಲರ್ 1990ರಲ್ಲಿ ಮಂಡಿಸಿದ ನಾಲ್ಕು ಅಂತಸ್ತಿನ ಗೋಪುರವೂ ಇಲ್ಲಿ ಉಪಯುಕ್ತ. ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ನಿಜ ಜೀವನದಲ್ಲಿ ಮಾಡುವುದು ಎಂಬಿವು ಅದರ ಅಂತಸ್ತುಗಳು. ವೈದ್ಯನಂತೆ ಆಡಳಿತಗಾರನೂ ಕೊನೆಗೆ ಕೃತಿಯಿಂದಲೇ ಗುರುತಿಸಲ್ಪಡುವವನು. ಮೂರು ಗಂಟೆಯ ಬರಹದ ಪರೀಕ್ಷೆಯು ಕೆಳಗಿನ ಎರಡು ಅಂತಸ್ತುಗಳನ್ನು ಮುಟ್ಟೀತು; ಮೇಲಿನ ಎರಡನ್ನು ಮುಟ್ಟಲು ಬೇರೆ ಸಾಧನಗಳು ಬೇಕು.

ಸಾಕ್ಷ್ಯದಲ್ಲಿ ಎರಡು ಬಗೆ. ವಿದ್ಯಾರ್ಥಿಯು ತಾನೇ ಮಾಡಿದ ಕೆಲಸವನ್ನು ನೋಡಿ ನಿರ್ಣಯಿಸುವುದು ನೇರ ಸಾಕ್ಷ್ಯ: ನೀತಿ ಟಿಪ್ಪಣಿ, ಆಯವ್ಯಯದ ವಿಶ್ಲೇಷಣೆ, ಅಣಕು ವಿಚಾರಣೆ, ಪದವಿಯ ಕೊನೆಯಲ್ಲಿ ನಿಜವಾದ ಕಚೇರಿಯೊಂದರ ಸಮಸ್ಯೆಯನ್ನು ಕೈಗೆತ್ತಿಕೊಂಡು ಸಿದ್ಧಪಡಿಸುವ ಸಮಾರೋಪ ಯೋಜನೆ, ವರ್ಷಗಳ ಕೆಲಸವನ್ನು ಒಟ್ಟುಗೂಡಿಸಿದ ಸಂಚಿಕೆ ಇವೆಲ್ಲ ಆ ಬಗೆಯವು. ನೀನು ಕಲಿತೆಯೆಂದು ನಿನಗೆ ಅನಿಸುತ್ತದೆಯೇ ಎಂದು ವಿದ್ಯಾರ್ಥಿಯನ್ನು ಕೇಳುವುದು, ಹಳೆಯ ವಿದ್ಯಾರ್ಥಿಗಳ ಮತ್ತು ಉದ್ಯೋಗದಾತರ ಅಭಿಪ್ರಾಯ ಪಡೆಯುವುದು, ಉದ್ಯೋಗ ದೊರೆತವರ ಸಂಖ್ಯೆಯನ್ನು ಲೆಕ್ಕಹಾಕುವುದು ಪರೋಕ್ಷ ಸಾಕ್ಷ್ಯ. ಪರೋಕ್ಷ ಸಾಕ್ಷ್ಯವನ್ನು ಸಂಗ್ರಹಿಸುವುದು ಸುಲಭ, ಆದರೆ ಅದು ತೃಪ್ತಿಯನ್ನು ಅಳೆಯುತ್ತದೆಯೇ ಹೊರತು ಕಲಿಕೆಯನ್ನಲ್ಲ. ಆದಕಾರಣ ನೇರ ಸಾಕ್ಷ್ಯವೇ ಆಧಾರವಾಗಿರಬೇಕು, ಪರೋಕ್ಷ ಸಾಕ್ಷ್ಯವು ಅದಕ್ಕೆ ಪೂರಕವಾಗಿರಬೇಕು.

ಇದರೊಂದಿಗೆ ಪಠ್ಯಕ್ರಮದ ನಕ್ಷೆಯೊಂದು ಅಗತ್ಯ. ಒಂದು ಬದಿಯಲ್ಲಿ ಸಾಮರ್ಥ್ಯಗಳನ್ನೂ ಇನ್ನೊಂದು ಬದಿಯಲ್ಲಿ ಪತ್ರಿಕೆಗಳನ್ನೂ ಬರೆದು, ಯಾವ ಸಾಮರ್ಥ್ಯದ ಪರಿಚಯ ಎಲ್ಲಿ, ಬಲವರ್ಧನೆ ಎಲ್ಲಿ, ಪ್ರಭುತ್ವ ಎಲ್ಲಿ ಎಂದು ಗುರುತಿಸುವ ಕೋಷ್ಟಕವಿದು. ಇದನ್ನು ಪ್ರಾಮಾಣಿಕವಾಗಿ ತುಂಬಿದಾಗ ಕೆಲವು ಮನೆಗಳು ಖಾಲಿ ಉಳಿಯುತ್ತವೆ. ಎಲ್ಲ ಅಧ್ಯಾಪಕರೂ ಮುಖ್ಯವೆಂದು ಒಪ್ಪಿದ, ಆದರೆ ಯಾರೂ ತಮ್ಮ ತರಗತಿಯಲ್ಲಿ ಕಲಿಸದ ಸಾಮರ್ಥ್ಯವು ಆ ಖಾಲಿ ಮನೆಯಲ್ಲಿ ಕಾಣಿಸುತ್ತದೆ.

ಒಂದು ಕಲ್ಪಿತ ಉದಾಹರಣೆ

ಈ ಕ್ರಮವನ್ನು ಗಡಿನಾಡಿನ ಸಂದರ್ಭಕ್ಕೆ ಅನ್ವಯಿಸಿ ನೋಡೋಣ. ತಮಿಳುನಾಡಿನ ತಾಳವಾಡಿ ಅಥವಾ ಹೊಸೂರು ಭಾಗದ ಕಚೇರಿಯೊಂದಕ್ಕೆ ಕನ್ನಡದಲ್ಲಿ ಬರೆದ ಅರ್ಜಿ ಬಂದಿದೆಯೆಂದು ಕಲ್ಪಿಸಿಕೊಳ್ಳೋಣ. ಅರ್ಜಿದಾರರ ಹೆಸರು ಕನ್ನಡ ಶಾಲೆಯ ಪ್ರಮಾಣಪತ್ರದಲ್ಲಿ ಒಂದು ರೀತಿ, ಜಮೀನಿನ ದಾಖಲೆಯಲ್ಲಿ ಇನ್ನೊಂದು ರೀತಿ ಇದೆ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರವಿರುವುದರಿಂದ ‘ಗೌಡ’ ಎಂಬುದು ತಮಿಳಿಗೆ ಹೋಗಿ ಮತ್ತೊಂದು ಲಿಪಿಗೆ ಮರಳುವಾಗ ‘ಕೌಡ’ ಆಗಬಹುದು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೆ ಎರಡು ಹೆಸರುಗಳೂ ಒಬ್ಬರವೇ ಎಂದು ಸಾಬೀತುಪಡಿಸುವ ಹೊರೆ ನಾಗರಿಕನ ಹೆಗಲಿಗೆ ಬೀಳುತ್ತದೆ.

ಸ್ನಾತಕೋತ್ತರ ವಿದ್ಯಾರ್ಥಿಗೆ ಕೊಡುವ ಕೆಲಸ ಹೀಗಿರಲಿ: ಈ ಅರ್ಜಿಯನ್ನು ಓದಿ, ಅನ್ವಯಿಸುವ ನಿಯಮವನ್ನು ಗುರುತಿಸಿ, ಕಡತಕ್ಕೆ ಟಿಪ್ಪಣಿ ಬರೆದು, ಅರ್ಜಿದಾರರಿಗೆ ಉತ್ತರವನ್ನು ಸಿದ್ಧಪಡಿಸಬೇಕು. ಮೌಲ್ಯಮಾಪನಕ್ಕೆ ರೂಬ್ರಿಕ್ ಎಂಬ ಅಳತೆಪಟ್ಟಿ ಇರುತ್ತದೆ. ಅದರಲ್ಲಿ ನಾಲ್ಕು ಅಂಶಗಳು: ಸಮಸ್ಯೆಯ ಗ್ರಹಿಕೆ, ನಿಯಮದ ಅನ್ವಯ, ಮುಂದಿನ ಕ್ರಮದ ಸ್ಪಷ್ಟತೆ, ಉತ್ತರದ ಭಾಷೆ. ಪ್ರತಿಯೊಂದಕ್ಕೂ ನಾಲ್ಕು ಹಂತಗಳ ವಿವರಣೆಯಿರುತ್ತದೆ. ಉದಾಹರಣೆಗೆ ಕೊನೆಯ ಅಂಶದಲ್ಲಿ, ಉತ್ತರವು ಅರ್ಜಿದಾರರಿಗೆ ತಿಳಿಯದ ಭಾಷೆಯಲ್ಲಿದ್ದು ಅದಕ್ಕೆ ಪರಿಹಾರವನ್ನೂ ಸೂಚಿಸದಿದ್ದರೆ ಮೊದಲ ಹಂತ. ಭಾಷಾಂತರ ಬೇಕೆಂಬುದನ್ನು ಗುರುತಿಸಿದರೆ ಎರಡನೆಯದು. ಅರ್ಜಿದಾರರ ಭಾಷೆಯಲ್ಲಿ ಉತ್ತರ ದೊರೆಯುವ ವ್ಯವಸ್ಥೆಯನ್ನು ನಿಯಮದ ಆಧಾರದೊಂದಿಗೆ ರೂಪಿಸಿದರೆ ಮೂರನೆಯದು. ಅದರ ಜೊತೆಗೆ ಇದೇ ಬಗೆಯ ಅರ್ಜಿಗಳು ಮತ್ತೆ ಮತ್ತೆ ಬಾರದಂತೆ ದಾಖಲೆಯ ಕ್ರಮದಲ್ಲಿಯೇ ತಿದ್ದುಪಡಿಯನ್ನು ಪ್ರಸ್ತಾಪಿಸಿದರೆ ನಾಲ್ಕನೆಯದು. ವಿದ್ಯಾರ್ಥಿಗೆ ಸ್ವತಃ ಕನ್ನಡ ಬರಬೇಕೆಂದು ಈ ಅಳತೆಪಟ್ಟಿ ಒತ್ತಾಯಿಸುವುದಿಲ್ಲ. ನಾಗರಿಕನಿಗೆ ತಿಳಿಯುವ ಭಾಷೆಯಲ್ಲಿ ಉತ್ತರ ಸಲ್ಲಬೇಕೆಂಬ ಹೊಣೆಯನ್ನು ಅರಿತು ಅದಕ್ಕೆ ದಾರಿ ಹುಡುಕಬೇಕೆಂದು ಒತ್ತಾಯಿಸುತ್ತದೆ.

ಇಬ್ಬರು ಅಧ್ಯಾಪಕರು ಬೇರೆ ಬೇರೆಯಾಗಿ ಇದೇ ಪಟ್ಟಿಯಿಂದ ಅಳೆದು, ಅನಂತರ ತಮ್ಮ ತೀರ್ಪುಗಳನ್ನು ಹೋಲಿಸಬೇಕು. ಅವರು ಮತ್ತೆ ಮತ್ತೆ ಭಿನ್ನರಾದರೆ ಪಟ್ಟಿಯ ಮಾತುಗಳು ಅಸ್ಪಷ್ಟವಾಗಿವೆಯೆಂದು ಅರ್ಥ. 30 ಮಂದಿ ವಿದ್ಯಾರ್ಥಿಗಳ ಪೈಕಿ 24 ಮಂದಿ ನಿಯಮದ ಅನ್ವಯದಲ್ಲಿ ಮೂರನೆಯ ಹಂತ ಮುಟ್ಟಿದರೆಂದೂ ಉತ್ತರದ ಭಾಷೆಯಲ್ಲಿ 9 ಮಂದಿ ಮಾತ್ರ ಮುಟ್ಟಿದರೆಂದೂ ಇಟ್ಟುಕೊಳ್ಳೋಣ. ಇವು ವಿವರಣೆಗಾಗಿ ಕಲ್ಪಿಸಿದ ಅಂಕಿಗಳು. ಒಟ್ಟು ಅಂಕದ ಸರಾಸರಿಯಲ್ಲಿ ಈ ವ್ಯತ್ಯಾಸ ಅಡಗಿಹೋಗುತ್ತಿತ್ತು. ಬೇರ್ಪಡಿಸಿ ನೋಡಿದಾಗ ವಿಭಾಗಕ್ಕೆ ತಾನು ಏನನ್ನು ತಿದ್ದಿಕೊಳ್ಳಬೇಕೆಂಬುದು ಕಾಣುತ್ತದೆ. ಸಂವಿಧಾನದ ಪತ್ರಿಕೆಯಲ್ಲಿ ವಿಧಿಗಳನ್ನು ಕಲಿಸಿದ್ದಾಗಿದೆ, ಆದರೆ ಕಚೇರಿ ವ್ಯವಹಾರದ ಪತ್ರಿಕೆಯಲ್ಲಿ ಆ ವಿಧಿಗಳು ಎಲ್ಲಿಯೂ ಮತ್ತೆ ತಲೆಯೆತ್ತಿಲ್ಲ. ಮುಂದಿನ ವರ್ಷ ಅಲ್ಲಿ ಎರಡು ಅಭ್ಯಾಸಗಳನ್ನು ಸೇರಿಸಿ, ಅದೇ ಕೆಲಸವನ್ನು ಅದೇ ಪಟ್ಟಿಯಿಂದ ಮತ್ತೆ ಅಳೆದರೆ ಆವರ್ತನ ಪೂರ್ಣಗೊಳ್ಳುತ್ತದೆ.

ಅಳೆಯಬೇಕಾದ ತಿಳಿವಳಿಕೆ

ಗಡಿನಾಡಿನ ಆಡಳಿತಗಾರನು ತಿಳಿದಿರಬೇಕಾದ ವಿಷಯವು ಅಸ್ಪಷ್ಟವಾದ ಸದ್ಭಾವನೆಯಲ್ಲ. ಅದು ನಿರ್ದಿಷ್ಟವಾದ ನಿಯಮಗಳ ಸಮುಚ್ಚಯ. ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಅರ್ಜಿಯನ್ನು ಸಲ್ಲಿಸುವ ಹಕ್ಕನ್ನು 350ನೆಯ ವಿಧಿ ನೀಡುತ್ತದೆ. 1956ರ ಏಳನೆಯ ತಿದ್ದುಪಡಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸಂಬಂಧಿಸಿದ 350ಎ ವಿಧಿಯನ್ನೂ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯನ್ನು ನೇಮಿಸುವ 350ಬಿ ವಿಧಿಯನ್ನೂ ಸೇರಿಸಿತು. ರಾಜ್ಯಗಳು ಒಪ್ಪಿಕೊಂಡ ರಕ್ಷಣೆಗಳ ಪ್ರಕಾರ, ಜಿಲ್ಲೆಯಲ್ಲಿ ಅಥವಾ ಅದಕ್ಕಿಂತ ಕೆಳಗಿನ ಘಟಕದಲ್ಲಿ ಜನಸಂಖ್ಯೆಯ ಶೇಕಡಾ 15ರಷ್ಟಾದರೂ ಆಡುವ ಭಾಷೆಗೆ ಮುಖ್ಯ ನಿಯಮಗಳನ್ನೂ ಪ್ರಕಟಣೆಗಳನ್ನೂ ಅನುವಾದಿಸಬೇಕು. ಅಲ್ಪಸಂಖ್ಯಾತ ಭಾಷೆಯ ಅರ್ಜಿಗಳನ್ನು ಸ್ವೀಕರಿಸಿ ಉತ್ತರಿಸಬೇಕು. ನೇಮಕಾತಿಯ ಸಮಯದಲ್ಲಿ ರಾಜ್ಯಭಾಷೆಯ ಜ್ಞಾನವನ್ನು ಒತ್ತಾಯಿಸದೆ, ಪರೀಕ್ಷಾರ್ಥ ಅವಧಿ ಮುಗಿಯುವುದರೊಳಗೆ ಅದನ್ನು ಪರೀಕ್ಷಿಸಬೇಕು. ಕೇರಳದ 1969ರ ಅಧಿಕೃತ ಭಾಷಾ ಅಧಿನಿಯಮವು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರ್ಕಾರದೊಂದಿಗೆ ಪತ್ರವ್ಯವಹಾರ ನಡೆಸಲೂ ಅದೇ ಭಾಷೆಯಲ್ಲಿ ಉತ್ತರ ಪಡೆಯಲೂ ಅವಕಾಶ ಕಲ್ಪಿಸಿದೆ.

ಇವೆಲ್ಲವೂ ಬೋಧಿಸಬಹುದಾದ, ಅಳೆಯಬಹುದಾದ ಸಂಗತಿಗಳು. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ, ಮಡಕಶಿರಾ ಮೊದಲಾದ ಪ್ರದೇಶಗಳಿಗೆ ಸಮೀಪದ ವಿಶ್ವವಿದ್ಯಾಲಯಗಳ ಕಲಿಕಾ ಫಲಗಳಲ್ಲಿ ಇವುಗಳ ಉಲ್ಲೇಖವಿದೆಯೇ ಎಂಬುದನ್ನು ಯಾವ ಸಂಶೋಧಕನಾದರೂ ಪಠ್ಯಕ್ರಮವನ್ನು ತೆರೆದು ಪರಿಶೀಲಿಸಬಹುದು. ಗಡಿನಾಡಿನ ಸಂಘಟನೆಗಳು ಸರ್ಕಾರಕ್ಕೆ ಸಲ್ಲಿಸುವ ಮನವಿಗಳ ಜೊತೆಗೆ ಅಧ್ಯಯನ ಮಂಡಳಿಗಳಿಗೂ ಇಂಥ ಸಲಹೆ ಸಲ್ಲಿಸುವುದು ಪ್ರಯೋಜನಕರವಾದೀತು.

ಭಾರತದ ಸ್ಥಿತಿ

ನಮ್ಮಲ್ಲಿ ಕಲಿಕಾ ಫಲ ಎಂಬ ಮಾತು ಈಗ ಹೊಸದಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು ಕಲಿಕಾ ಫಲಾಧಾರಿತ ಪಠ್ಯಕ್ರಮದ ಚೌಕಟ್ಟುಗಳನ್ನು ಹೊರತಂದಿದೆ. 1994ರಲ್ಲಿ ಸ್ಥಾಪನೆಗೊಂಡು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿಯು ಸಂಸ್ಥೆಗಳು ತಮ್ಮ ಕಾರ್ಯಕ್ರಮದ ಫಲಗಳನ್ನೂ ಅವುಗಳ ಸಾಧನೆಯನ್ನೂ ತೋರಿಸಬೇಕೆಂದು ಕೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಂಠಪಾಠದ ಪರೀಕ್ಷೆಯಿಂದ ಸಾಮರ್ಥ್ಯಾಧಾರಿತ ಮೌಲ್ಯಮಾಪನದತ್ತ ಸಾಗಬೇಕೆನ್ನುತ್ತದೆ.

ಆದರೆ ಎರಡು ತೊಡಕುಗಳಿವೆ. ಸಂಯೋಜಿತ ಕಾಲೇಜುಗಳ ವ್ಯವಸ್ಥೆಯಲ್ಲಿ ಪಠ್ಯ ರೂಪಿಸುವವರು ಒಬ್ಬರು, ಕಲಿಸುವವರು ಇನ್ನೊಬ್ಬರು, ಪ್ರಶ್ನೆಪತ್ರಿಕೆ ತಯಾರಿಸುವವರು ಮತ್ತೊಬ್ಬರು, ಉತ್ತರಪತ್ರಿಕೆ ತಿದ್ದುವವರು ಮಗದೊಬ್ಬರು. ಇವರಲ್ಲಿ ಯಾರೊಬ್ಬರಿಗೂ ಆವರ್ತನದ ನಾಲ್ಕೂ ಹೆಜ್ಜೆಗಳು ಕಣ್ಣಿಗೆ ಬೀಳುವುದಿಲ್ಲ. ತಿದ್ದಿದವರಿಗೆ ಕಂಡ ಕೊರತೆ ಕಲಿಸುವವರಿಗೆ ತಲುಪುವುದಿಲ್ಲ. ಇನ್ನೊಂದು, ಸಾರ್ವಜನಿಕ ಆಡಳಿತವು ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಒಂದಾಗಿರುವುದರಿಂದ ಅನೇಕ ವಿದ್ಯಾರ್ಥಿಗಳ ಕಣ್ಣು ಆ ಪರೀಕ್ಷೆಯ ಮೇಲಿರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ಗುರಿ ಅಭ್ಯರ್ಥಿಗಳನ್ನು ಒಬ್ಬರ ಮೇಲೊಬ್ಬರನ್ನು ಜೋಡಿಸುವುದು. ಪದವಿಯ ಮೌಲ್ಯಮಾಪನದ ಗುರಿ ಪ್ರತಿಯೊಬ್ಬರೂ ಒಂದು ಮಟ್ಟವನ್ನು ಮುಟ್ಟಿದರೇ ಎಂದು ನೋಡುವುದು. ಎರಡನ್ನೂ ಒಂದೆಂದು ತಿಳಿದರೆ ಪದವಿಯು ತರಬೇತಿ ಕೇಂದ್ರದ ನೆರಳಾಗುತ್ತದೆ.

ಯಾವ ಭಾಷೆಯಲ್ಲಿ ಅಳೆಯುವುದು

ಇದುವರೆಗೆ ಅಲ್ಪಸಂಖ್ಯಾತ ಭಾಷೆಯ ನಾಗರಿಕನ ಮಾತಾಯಿತು. ಅಲ್ಪಸಂಖ್ಯಾತ ಭಾಷೆಯ ವಿದ್ಯಾರ್ಥಿಯ ಪ್ರಶ್ನೆಯೂ ಅಷ್ಟೇ ಗಂಭೀರವಾದುದು. ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯುವ ಪದವಿಗೆ ಸೇರುತ್ತಾಳೆ ಎನ್ನೋಣ. ಪಂಚಾಯತ್ ರಾಜ್ ವ್ಯವಸ್ಥೆಯ ಹಣಕಾಸಿನ ಕುರಿತ ಪ್ರಶ್ನೆಗೆ ಅವಳ ಉತ್ತರ ಚಿಕ್ಕದಾಗಿದೆ, ವಾಕ್ಯಗಳು ತಡವರಿಸುತ್ತಿವೆ, ಅಂಕ ಕಡಿಮೆ ಬಂದಿದೆ. ಇಲ್ಲಿ ಅಳೆದದ್ದು ಹಣಕಾಸಿನ ತಿಳಿವಳಿಕೆಯನ್ನೋ, ಮೂರನೆಯ ಭಾಷೆಯೊಂದರಲ್ಲಿ ಮೂರು ಗಂಟೆ ಬರೆಯುವ ವೇಗವನ್ನೋ? ಅಳೆಯಬೇಕಾದದ್ದಕ್ಕೆ ಸಂಬಂಧಿಸದ ಅಂಶವು ಫಲಿತಾಂಶವನ್ನು ಬದಲಿಸುವುದು ಮೌಲ್ಯಮಾಪನ ಶಾಸ್ತ್ರದ ಪ್ರಕಾರ ಮೂಲಭೂತ ದೋಷ. ಇಂಥ ಅಳತೆಯಿಂದ ವಿದ್ಯಾರ್ಥಿಗೆ ಅನ್ಯಾಯವಾಗುವುದರ ಜೊತೆಗೆ ಕಾರ್ಯಕ್ರಮಕ್ಕೂ ತಪ್ಪು ಮಾಹಿತಿ ದೊರೆಯುತ್ತದೆ. ಹಣಕಾಸಿನ ಬೋಧನೆ ಸರಿಯಿಲ್ಲವೆಂದು ಅದು ಬಗೆದೀತು.

ಪರಿಹಾರವು ಎಲ್ಲ ಪತ್ರಿಕೆಗಳನ್ನೂ ಎಲ್ಲ ಭಾಷೆಗಳಲ್ಲಿ ನಡೆಸುವುದಲ್ಲ. ಅಳತೆಪಟ್ಟಿಯಲ್ಲಿ ವಿಷಯದ ಅಂಶಗಳನ್ನೂ ಭಾಷೆಯ ಅಂಶಗಳನ್ನೂ ಬೇರೆಯಾಗಿಡುವುದು ಮೊದಲ ಪರಿಹಾರ. ಬರಹದೊಂದಿಗೆ ಮೌಖಿಕ ನಿರೂಪಣೆ, ಕೋಷ್ಟಕ, ಕ್ಷೇತ್ರಕಾರ್ಯ ಮುಂತಾದ ಬೇರೆ ಬಗೆಯ ಸಾಕ್ಷ್ಯಗಳನ್ನು ಬಳಸುವುದು ಎರಡನೆಯದು. ತಿದ್ದಲು ಸಮರ್ಥರಿರುವಲ್ಲಿ ಉತ್ತರದ ಭಾಷೆಯ ಆಯ್ಕೆಯನ್ನು ನೀಡುವುದು ಮೂರನೆಯದು. ನಾಗರಿಕ ಸೇವಾ ಮುಖ್ಯ ಪರೀಕ್ಷೆಯ ವಿಷಯ ಪತ್ರಿಕೆಗಳನ್ನು ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ, ಎಂದರೆ ಕನ್ನಡದಲ್ಲಿಯೂ ಉತ್ತರಿಸಲು ಅವಕಾಶವಿರುವಾಗ, ಅದಕ್ಕೆ ಸಿದ್ಧಗೊಳಿಸುವ ಪದವಿಯಲ್ಲಿ ಇದು ಅಸಾಧ್ಯವೆನ್ನಲು ಬಲವಾದ ಕಾರಣ ಬೇಕು.

ಇದೇ ವಿದ್ಯಾರ್ಥಿಯ ಬಹುಭಾಷಾ ಸಾಮರ್ಥ್ಯವನ್ನು ಪ್ರಚಲಿತ ಅಂಕಪದ್ಧತಿಯು ಎಲ್ಲಿಯೂ ದಾಖಲಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ತರಗತಿಯಲ್ಲಿ ಇಂಗ್ಲಿಷ್ ಬಳಸುವವಳಿಗೆ ಮೇಲೆ ಹೇಳಿದ ಐದನೆಯ ಸಾಮರ್ಥ್ಯದಲ್ಲಿ ಸಹಜವಾದ ಮುನ್ನಡೆಯಿದೆ. ಗಡಿನಾಡಿನ ಆಡಳಿತಕ್ಕೆ ಅತ್ಯಂತ ಬೇಕಾದ ಗುಣವೊಂದು ಅವಳಲ್ಲಿದೆ. ಬರಹದ ಪರೀಕ್ಷೆ ಅದನ್ನು ಕೊರತೆಯೆಂದು ಕಂಡರೆ, ಸಾಮರ್ಥ್ಯಾಧಾರಿತ ಮೌಲ್ಯಮಾಪನವು ಅದನ್ನು ಸಾಧನೆಯೆಂದು ಕಾಣಬಲ್ಲದು.

ಮಿತಿಗಳು

ಈ ಕ್ರಮಕ್ಕೂ ಮಿತಿಗಳಿವೆ. ಅಳತೆಯೇ ಗುರಿಯಾದಾಗ ಅಳತೆಯು ಕೆಡುತ್ತದೆಂಬ ಅರ್ಥದ ಎಚ್ಚರಿಕೆಯನ್ನು ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲಿಯೇ ನೀಡಿದ್ದರು. ಮಾನ್ಯತೆಗಾಗಿ ಮಾತ್ರ ತುಂಬುವ ಕೋಷ್ಟಕಗಳಲ್ಲಿ ಎಲ್ಲ ಫಲಗಳೂ ಸಾಧಿತವಾಗಿಯೇ ಇರುತ್ತವೆ. ವಿದ್ಯಾರ್ಥಿಗಳ ಸಂಖ್ಯೆ ಹತ್ತು ಹನ್ನೆರಡು ಇರುವಲ್ಲಿ ಶೇಕಡಾವಾರು ಲೆಕ್ಕ ದಾರಿತಪ್ಪಿಸುತ್ತದೆ. ಅಲ್ಲಿ ಪ್ರತಿಯೊಂದು ಕೆಲಸವನ್ನೂ ಓದಿ ಚರ್ಚಿಸುವುದೇ ಮೇಲು. ಪ್ರಾಮಾಣಿಕತೆ, ಕರುಣೆ, ನಿಷ್ಪಕ್ಷಪಾತ ಮೊದಲಾದ ಗುಣಗಳು ತರಗತಿಯಲ್ಲಿ ತೋರುವ ರೀತಿಗೂ ಒತ್ತಡದ ನಡುವೆ ಕಚೇರಿಯಲ್ಲಿ ತೋರುವ ರೀತಿಗೂ ವ್ಯತ್ಯಾಸವಿರಬಹುದು. ಪದವಿ ಮುಗಿದ ವರ್ಷಗಳ ಮೇಲೆ ಆಡಳಿತಗಾರನೊಬ್ಬ ಕೈಗೊಂಡ ಒಳ್ಳೆಯ ನಿರ್ಧಾರದಲ್ಲಿ ಪದವಿಯ ಪಾಲೆಷ್ಟು, ಅನುಭವದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದ್ದರಿಂದ ಮೌಲ್ಯಮಾಪನವು ಕೊಡುವುದು ಕೊನೆಯ ತೀರ್ಪನ್ನಲ್ಲ. ಅಧ್ಯಾಪಕರ ನಡುವಿನ ಚರ್ಚೆಗೆ ಬೇಕಾದ ಆಧಾರವನ್ನು.

ಪ್ರಾರಂಭದ ಬಗೆ

ಇಂಥ ಕೆಲಸವನ್ನು ಕೈಗೊಳ್ಳಲು ದೊಡ್ಡ ವೆಚ್ಚ ಬೇಕಾಗಿಲ್ಲ. ವಿಭಾಗವೊಂದು ವರ್ಷಕ್ಕೆ ಒಂದು ಸಾಮರ್ಥ್ಯವನ್ನು ಮಾತ್ರ ಆರಿಸಿಕೊಂಡರೆ ಐದು ವರ್ಷಗಳಲ್ಲಿ ಐದೂ ಒಂದು ಸುತ್ತು ಬರುತ್ತವೆ. ಈಗಾಗಲೇ ಕೊಡುತ್ತಿರುವ ನಿಬಂಧ ಅಥವಾ ಯೋಜನಾ ವರದಿಯನ್ನೇ ಸಾಕ್ಷ್ಯವಾಗಿ ಬಳಸಿ, ಒಂದು ಪುಟದ ಅಳತೆಪಟ್ಟಿಯನ್ನು ರಚಿಸಿ, ಇಬ್ಬರು ಅಧ್ಯಾಪಕರು ಓದಿ, ಒಂದು ಮಧ್ಯಾಹ್ನ ಕುಳಿತು ಚರ್ಚಿಸಿದರೆ ಮೊದಲ ಆವರ್ತನ ಮುಗಿಯುತ್ತದೆ. ಅಳತೆಪಟ್ಟಿಯನ್ನು ರಚಿಸುವ ಆ ಸಭೆಗೆ ಸ್ಥಳೀಯ ಕಚೇರಿಯ ಅನುಭವಿ ಅಧಿಕಾರಿಯೊಬ್ಬರನ್ನೂ ಆ ಪ್ರದೇಶದ ಭಾಷಾ ಅಲ್ಪಸಂಖ್ಯಾತ ಸಮುದಾಯದ ಒಬ್ಬರನ್ನೂ ಆಹ್ವಾನಿಸುವುದು ಉಚಿತ. ಒಳ್ಳೆಯ ಉತ್ತರವೆಂದರೆ ಯಾವುದು ಎಂದು ವಿವರಿಸುವ ಅಧಿಕಾರವು ಉತ್ತರ ಬರೆಯುವವರಿಗೆ ಮಾತ್ರ ಸೇರಿದ್ದಲ್ಲ. ಅದನ್ನು ಪಡೆಯುವವರಿಗೂ ಆ ವಿಷಯದಲ್ಲಿ ಹೇಳುವುದಿರುತ್ತದೆ.